ಆರು ಬೀಡಿಯ ಹಾಡು

೧೭-೭-೧೯೬೧, ಸೋಮವಾರ

ಗ್ರಾಮಫೋನ್ ಪ್ಲೇಟುಗಳನ್ನೆಲ್ಲ ಒರೆಸಿ ಮತ್ತೆ ಪೆಟ್ಟಿಗೆಗೆ ಜೋಡಿಸಿದ್ದಾಯಿತು. ನಲವತ್ತಾರು. ಒಂದರ ಅಂಚು ಮುರಿದಿದೆ, ಹಾಡು ಸರಿಯಿದೆ. ಆಂಪ್ಲಿಫೈಯರಿನ ಧೂಳು ಹೊಡೆದೆ. ಬೇರೆ ಕೆಲಸವಿಲ್ಲ. ಹಿಂದೂಗಳಿಗೆ ಆಷಾಢ, ನಮಗೆ ಸಫರ್ ತಿಂಗಳು — ಎರಡೂ ಈ ಸಲ ಒಟ್ಟಿಗೇ ಬಂದು ಕೂತಿವೆ. ಯಾರ ಮನೆಯಲ್ಲೂ ಮದುವೆಯಿಲ್ಲ, ಮದುವೆಯ ಮಾತೂ ಇಲ್ಲ. ನನ್ನ, ಅಂದರೆ ಸಿರಾದ ಬಾಷಾ ಸಾಬಿಯ, ಮೈಕ್ ಸೆಟ್ಟಿಗೆ ಒಂದು ತಿಂಗಳು ನಿದ್ದೆ.

ಅಷ್ಟರಲ್ಲಿ ಪಾರ್ಕಿನ ಮಾಲಿ ಗಂಗಹನುಮಯ್ಯ ಬಂದ.

"ಸಾಬ್ರೆ, ಪಾರ್ಕಿನ ರೇಡಿಯೋ ಹೋಗ್ಬುಡ್ತು. ಒಂದು ಹಲ್ಲಿ ಒಳಗೆ ಸೇರ್ಕಂಡು ತಾನೂ ಸತ್ತು ಅದನ್ನೂ ಸಾಯಿಸ್ತು. ರಿಪೇರಿಗೆ ತುಮಕೂರಿಗೆ ಕಳ್ಸವ್ರೆ. ಅದು ಬರೋಗಂಟ ದಿನಾ ಸಾಯಂಕಾಲ ನಿಮ್ ಸೆಟ್ಟು ಹಾಕ್ಬೇಕಂತೆ. ಮುನಿಸಿಪಾಲ್ಟಿ ಪ್ರೆಸಿಡೆಂಟ್ರು ಹೇಳವ್ರೆ. ಆರರಿಂದ ಏಳೂವರೆ."

"ಏನು ಹಾಕ್ಲಿ?"

"ಅದ್ನ ಯಾರು ಕೇಳ್ತಾರೆ? ನಿಮ್ಗೆ ತೋಚಿದ್ದು ಹಾಕಿ."

ನನಗೆ ತೋಚಿದ್ದು. ಇಪ್ಪತ್ತು ವರ್ಷದಿಂದ ಈ ಕೆಲಸ, ಯಾರೂ ಈ ಮಾತು ಹೇಳಿರಲಿಲ್ಲ. ಗಂಡಿನ ಕಡೆಯವರು ಒಂದು ಹಾಡು ಕೇಳುತ್ತಾರೆ, ಹೆಣ್ಣಿನ ಕಡೆಯವರು ಇನ್ನೊಂದು, ಕುಡಿದ ಮಾವ ಮೂರನೆಯದು. ಚಪ್ಪರದ ಮೂಲೆಯಲ್ಲಿ ಕೂತು ನಾನು ಡೈರಿಯ ಕೊನೆಯ ಹಾಳೆಗಳಲ್ಲಿ ನನ್ನದೇ ಪ್ರೋಗ್ರಾಂ ಬರೆದುಕೊಳ್ಳುತ್ತಿದ್ದೆ. ನಾನೇ ಒಂದು ರೇಡಿಯೋ ನಿಲಯವಾಗಿದ್ದರೆ ಮೊದಲು ಯಾವುದು, ಆಮೇಲೆ ಯಾವುದು... ಹೆಂಡತಿ ಶಹರ್‌ಬಾನು ಬದುಕಿದ್ದಾಗ ಓದಿ ಹೇಳಿದ್ದೆ ಒಮ್ಮೆ. "ಹುಚ್ಚು" ಎಂದಿದ್ದಳು, ಪೂರ್ತಿ ಕೇಳಿಸಿಕೊಂಡಿದ್ದಳು. ಅವಳು ಹೋಗಿ ಎಂಟು ವರ್ಷ.

ಕೊನೆಯ ಹಾಳೆಗಳನ್ನು ಮತ್ತೆ ತೆಗೆದೆ.

೧೯-೭-೬೧, ಬುಧವಾರ

ನಿನ್ನೆ ಮೊದಲ ದಿನ. ಎರಡು ಹಾರನ್. ಒಂದು ರಸ್ತೆಯ ಕಡೆಗೆ, ಒಂದು ಪಾರ್ಕಿನ ಹಿಂದಿನ ಗಲ್ಲಿಯ ಕಡೆಗೆ. ಸರಿಯಾಗಿ ಆರಕ್ಕೆ ಮೈಕ್ ಹಿಡಿದು, "ಇದು ಸಿರಾ ಪಾರ್ಕು" ಎಂದೆ. ಮುಂದೆ ಹೇಳಬೇಕೆಂದು ಬರೆದುಕೊಂಡಿದ್ದ ಅರ್ಧ ಪುಟ ಮರೆತೇಹೋಯಿತು. ಪ್ಲೇಟು ಹಾಕಿಬಿಟ್ಟೆ.

ಸಂಜೆಯ ನಮಾಜಿಗೆ ಕರೆಯುವ ಮಗ್ರಿಬ್ ಬಾಂಗಿಗೆ ಹತ್ತು ನಿಮಿಷ ನಿಲ್ಲಿಸಿದೆ. ಆಮೇಲೆ ನನ್ನ ಹೆಮ್ಮೆಯ ಭಾಗ: ವಿರಹದ ಹಾಡುಗಳು, ಒಂದರ ಹಿಂದೊಂದು ಐದು, ಎಲ್ಲ ನಿಧಾನದವು. ಈ ಐದನ್ನು ಹೀಗೆ ಜೋಡಿಸಲು ನನಗೆ ನಾಲ್ಕು ವರ್ಷ ಹಿಡಿದಿದೆ. ಬೆಂಚಿನ ಮೇಲಿದ್ದ ಇಬ್ಬರು ಎದ್ದುಹೋದರು. ರಸಿಕರು ಎಲ್ಲೋ ಮನೆಯೊಳಗೆ ಕೂತು ಕೇಳುತ್ತಿರುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

೨೧-೭-೬೧, ಶುಕ್ರವಾರ

ಮನೆಯೊಳಗೆ ಕೂತು ಕೇಳುತ್ತಿದ್ದರು, ನಿಜ. ನಿನ್ನೆ ಅವರ ದೂರು ಬಂತು.

ತಂದವರು ಕಲಾಯಿ ಹುಸೇನ್ ಸಾಬ್. ಊರಿನ ಹಿತ್ತಾಳೆ ಪಾತ್ರೆಗಳಿಗೆಲ್ಲ ಕಲಾಯಿ ಹಾಕಿ ಹಾಕಿ ಬೆರಳೆಲ್ಲ ಕಪ್ಪು, ಗಡ್ಡ ಮಾತ್ರ ಬೆಳ್ಳಗೆ. ಮನೆ ಪಾರ್ಕಿನ ಹಿಂದಿನ ಗಲ್ಲಿಯಲ್ಲೇ. ನಾವು ಮಾತಾಡುವುದು ನಮ್ಮ ಉರ್ದುವಿನಲ್ಲಿ. ನಾನು ಓದಿದ್ದು ಗೌಡಗೆರೆಯ ಕನ್ನಡ ಶಾಲೆ, ಅದಕ್ಕೇ ಬರೆಯುವುದು ಹೀಗೆ.

"ಬೇಟಾ, ನಿನ್ನ ಹಾಡಿಂದ ನಮ್ಮ ಗಲ್ಲಿಗೆ ನಷ್ಟ ಆಗೈತೆ" ಎಂದರು.

"ಏನಾಯ್ತು ಚಾಚಾ?"

"ಹದಿನಾಲ್ಕು ಮನೇಲಿ ಹೆಂಗಸರು ಬೀಡಿ ಕಟ್ತಾರೆ. ಎಂಟು ಗಂಟೆಗೆ ಕಂಟ್ರಾಕ್ಟರ ಕಡೆಯೋನು ಬಂದು ಎಣಿಸ್ಕೊಂಡು ಹೋಗ್ತಾನೆ. ಹಾಡು ಹೆಂಗೆ ಹೋಗ್ತೈತೋ ಕೈ ಹಂಗೆ ಹೋಗ್ತೈತೆ. ನೀನು ಅಳೋ ಹಾಡು ಹಾಕ್ದೆ, ಎಲ್ಲರ ಕೈಯೂ ನಿಂತ್ಕೊಂಡು ಅತ್ತವು. ಒಬ್ಬೊಬ್ಬರಿಗೂ ನಲವತ್ತು, ಐವತ್ತು ಕಮ್ಮಿ ಬಿದ್ದೈತೆ. ಇದನ್ನ ನಾನು ಹೇಳ್ತಾ ಇಲ್ಲ. ನಮ್ಮ ಖಾಜಾಬಿ ಹೇಳಿ ಕಳಿಸಿದ್ದು."

"ಹಾಗಾದ್ರೆ ಜೋರಾದ ಹಾಡು ಹಾಕ್ಲಾ?"

"ಅದನ್ನೂ ಹೇಳವ್ಳೆ. ಜೋರು ಬೇಡವಂತೆ. ಕೈ ಓಡಿದ್ರೆ ಸುತ್ತು ಸಡಿಲ ಆಗ್ತೈತೆ, ಅವನು ತೆಗೆದು ಬಿಸಾಕ್ತಾನೆ."

ಖಾಜಾಬಿ ಅವರ ಮಗಳು. ಗಂಡ ಸತ್ತು ಆರು ವರ್ಷ, ಮಕ್ಕಳಿಲ್ಲ, ತಂದೆಯ ಜೊತೆಗಿದ್ದಾಳೆ. ನನ್ನ ಹಾಡು ಕಿವಿಗೆ ಹೋಗುತ್ತದೆ ಎಂದಷ್ಟೇ ತಿಳಿದಿದ್ದೆ. ಕೈಗೆ ಹೋಗುತ್ತದೆ ಎಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಸ್ವಲ್ಪ ಸಿಟ್ಟೂ ಬಂತು, ಸುಳ್ಳು ಯಾಕೆ.

೨೩-೭-೬೧, ಭಾನುವಾರ, ಮಧ್ಯಾಹ್ನ

ಎರಡು ದಿನ ಇದೇ ಕೆಲಸ. ಹುಸೇನ್ ಸಾಬರಿಂದ ಒಂದು ಹಿಡಿ ಎಲೆ, ಒಂದಿಷ್ಟು ಹೊಗೆಸೊಪ್ಪಿನ ಪುಡಿ, ದಾರ ತಂದೆ. ಮೊರ ತೊಡೆಯ ಮೇಲಿಟ್ಟುಕೊಂಡು ಕೂತೆ. ಎಲೆ ಕತ್ತರಿಸಬೇಕು, ಪುಡಿ ತುಂಬಬೇಕು, ಸುತ್ತಬೇಕು, ಬಾಯಿ ಮಡಚಬೇಕು, ದಾರ ಕಟ್ಟಬೇಕು. ಒಂದು ಗಂಟೆಯಲ್ಲಿ ಹನ್ನೊಂದು ಕಟ್ಟಿದೆ. ಒಂಬತ್ತು ಬಿಚ್ಚಿಕೊಂಡವು. ಉಳಿದ ಎರಡನ್ನು ಗಂಗಹನುಮಯ್ಯನಿಗೆ ಕೊಟ್ಟೆ. ಒಂದು ದಮ್ಮು ಎಳೆದು, "ಸಾಬ್ರೆ, ನೀವು ಹಾಡೇ ಹಾಕಿ" ಎಂದ.

ಆದರೆ ಲೆಕ್ಕ ಸಿಕ್ಕಿತು. ಪಳಗಿದ ಕೈಗೆ ಅರ್ಧ ನಿಮಿಷಕ್ಕೊಂದು ಎಂದರು ಹುಸೇನ್ ಸಾಬ್. ಪ್ಲೇಟಿನ ಒಂದು ಮಗ್ಗುಲು ಮೂರು ನಿಮಿಷ. ಒಂದು ಹಾಡಿಗೆ ಆರು ಬೀಡಿ.

ನಲವತ್ತಾರು ಪ್ಲೇಟನ್ನೂ ಎರಡು ಮಗ್ಗುಲೂ ಹಾಕಿ, ಬೆರಳಲ್ಲಿ ಗಾಳಿಯನ್ನೇ ಸುತ್ತುತ್ತ ಕೂತೆ. ನಾಲ್ಕೇ ಆಗುವ ಹಾಡು ಬೇರೆ. ಎಂಟಾಗಿ ಸಡಿಲವಾಗುವುದು ಬೇರೆ. ಸರಿಯಾಗಿ ಆರು ಬರುವುದು ಒಂದು ಕಡೆ — ಮೂವತ್ತೊಂದು ಸಿಕ್ಕವು. ಅದರಲ್ಲಿ ನಾನು ಕೀಳೆಂದು ಯಾವತ್ತೂ ಮುಟ್ಟದ ಒಂದು ತೆಲುಗು ಎತ್ತಿನಗಾಡಿ ಹಾಡು ಎಲ್ಲಕ್ಕಿಂತ ಚೆನ್ನಾಗಿ ಕೂರುತ್ತದೆ. ಪಾವಗಡದ ಒಂದು ಮದುವೆಯಲ್ಲಿ ಸುಮ್ಮನೆ ಕೊಟ್ಟ ಪ್ಲೇಟದು.

ಹೊಸ ಪ್ರೋಗ್ರಾಂ ಹೀಗೆ. ಆರರಿಂದ ಆರೂ ಕಾಲು: ಎಲೆ ಕತ್ತರಿಸುವ ಹಾಡು. ಅಲ್ಲಿಂದ ಬಾಂಗಿನವರೆಗೆ ಆರು ಬೀಡಿಯ ಹಾಡು. ಬಾಂಗಿನ ಬಿಡುವಿನಲ್ಲಿ ಅವರು ದೀಪ ಹಚ್ಚಿಕೊಳ್ಳಲಿ. ಮತ್ತೆ ಆರು ಬೀಡಿ. ಕೊನೆಗೊಂದು, ಒಂದೇ ಒಂದು, ನಿಧಾನದ್ದು — ಸೊಂಟ ನೀಡಿಕೊಳ್ಳುವುದಕ್ಕೆ.

೨೬-೭-೬೧, ಬುಧವಾರ

ಎರಡು ದಿನ ಗಲ್ಲಿಯಿಂದ ಏನೂ ಸುದ್ದಿಯಿಲ್ಲ. ತಡೆಯಲಾಗಲಿಲ್ಲ. ಒಂದು ಪಾತ್ರೆ ಹಿಡಿದು ಬೆಳಿಗ್ಗೆಯೇ ಹುಸೇನ್ ಸಾಬರ ಮನೆಗೆ ಹೋದೆ.

"ಇದಕ್ಕೆ ಹೋದ ತಿಂಗಳು ತಾನೇ ಕಲಾಯಿ ಹಾಕಿ ಕೊಟ್ಟಿದ್ದೆ, ಬೇಟಾ."

"ಮಾಸಿದಂಗಿದೆ ಚಾಚಾ."

ಅವರು ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿದರು. ಅದರಲ್ಲಿ ಅವರ ಗಡ್ಡ ಒಂದೊಂದು ಕೂದಲೂ ಕಾಣುತ್ತಿತ್ತು. ಒಲೆಗೆ ಇದ್ದಿಲು ತರಲು ಹಿತ್ತಲಿಗೆ ಹೋದರು. ಪರದೆಯ ಹಿಂದೆ ಖಾಜಾಬಿಯ ಕತ್ತರಿಯ ಸದ್ದು ನಿಂತಿತು.

"ಮೂರನೇದಾಗಿ ಹಾಕ್ತೀರಲ್ಲ, ದೋಣಿ ಹಾಡು" ಎಂದಳು. ಸಲಾಮೂ ಇಲ್ಲ, ಪೀಠಿಕೆಯೂ ಇಲ್ಲ. "ಅದು ಎರಡು ಜಾಗದಲ್ಲಿ ಎಗರ್ತೈತೆ. ಜೊತೆಗೆ ನನ್ನ ಕೈಯೂ ಎಗರ್ತೈತೆ. ಮುಳ್ಳು ಬದಲಾಯಿಸಿ."

"ಬದಲಾಯಿಸ್ತೀನಿ."

"ಎತ್ತಿನಗಾಡಿ ಹಾಡು ಚೆನ್ನಾಗೈತೆ. ಅದನ್ನ ಎರಡು ಸಲ ಹಾಕಬಹುದು. ಕೊನೇದು..." ಕತ್ತರಿ ಮತ್ತೆ ಆಡತೊಡಗಿತು. "ಕೊನೇದಕ್ಕೆ ಗಲ್ಲಿ ಪೂರ್ತಿ ಕಾಲು ಚಾಚ್ತೀವಿ. ಮತ್ತೆ, ಮಾತು ಕಮ್ಮಿ ಮಾಡಿ."

"ಮಾತಾಡಿದ್ರೆ ಕೈ ನಿಲ್ತೈತಾ?"

"ಮಾತಿಗೆ ನಿಲ್ಲಲ್ಲ. ನಗು ಬರ್ತೈತಲ್ಲ, ಅದಕ್ಕೆ ನಿಲ್ತೈತೆ."

ನಾನು ಅಷ್ಟೊಂದು ಗಂಭೀರವಾಗಿ ಹೇಳುವ ಮಾತಿಗೆ ನಗು. ಮಾತು ಬೆಳ್ಳಿ, ಮೌನ ಬಂಗಾರ ಎಂದುಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ನಗುತ್ತಿದ್ದೆ. ಪಾತ್ರೆ ಅಲ್ಲೇ ಬಿಟ್ಟುಬಂದಿದ್ದೇನೆ.

೨೯-೭-೬೧, ಶನಿವಾರ

ಈಗ ದಿನಾ ಹುಸೇನ್ ಸಾಬ್ ಪಾರ್ಕಿನ ಬೆಂಚಿಗೆ ಬಂದು ಕೂರುತ್ತಾರೆ, ಹಿಂದಿನ ದಿನದ ತೀರ್ಪು ಹೇಳುತ್ತಾರೆ. ಎರಡನೆಯದು ಬೇಗ ಬಂತು. ಐದನೆಯದನ್ನು ಬಾಂಗು ಮುಗಿದ ಮೇಲೆ ಹಾಕು, ದೀಪದ ಬೆಳಕಿನಲ್ಲಿ ಕೈ ತಾನಾಗಿ ನಿಧಾನ. ಅವಳು ಹೇಳಿದ್ದೆಲ್ಲ ಸರಿ. ವರ್ಷಗಟ್ಟಲೆ ನಾನು ಜೋಡಿಸಿದ್ದನ್ನು ಹತ್ತು ದಿನದಲ್ಲಿ ಬಿಚ್ಚಿ ಮತ್ತೆ ಕಟ್ಟಿದ್ದಾಳೆ, ಮೊದಲಿಗಿಂತ ಗಟ್ಟಿಯಾಗಿ.

ಪ್ಲೇಟು ತಿರುಗುವಾಗ ನಾನು ಹಾರನ್ನಿನ ಕಡೆ ನೋಡುತ್ತೇನೆ. ಆಚೆ ಗೋಡೆ. ಗೋಡೆಯಾಚೆ ಅವಳ ಕೈ. ಆರು ಬೀಡಿಯ ಏಳನೆಯ ಹಾಡು ಮುಗಿದರೆ ಅವಳ ಮೊರದಲ್ಲಿ ನಲವತ್ತೆರಡು.

ಇದನ್ನು ಬರೆಯಬಾರದೆಂದಿದ್ದೆ. ಬರೆದೆ. ಖಾಜಾಬಿಯೆಂದರೆ ನನಗೆ ಇಷ್ಟ. ನಲವತ್ತಮೂರನೆಯ ವಯಸ್ಸಿಗೆ, ಒಬ್ಬಳ ಬೈಗುಳ ಕೇಳಿ ಕೇಳಿ.

೧-೮-೬೧, ಮಂಗಳವಾರ

ನಿನ್ನೆ ಎರಡು ಸುದ್ದಿ.

ಗಂಗಹನುಮಯ್ಯ: "ರೇಡಿಯೋ ರಿಪೇರಿ ಆಗೈತಂತೆ ಸಾಬ್ರೆ. ಇನ್ನು ಹತ್ತು ಹನ್ನೆರಡು ದಿನಕ್ಕೆ ಬಂದ್ಬುಡ್ತದೆ."

ಹುಸೇನ್ ಸಾಬ್: "ಪಾವಗಡದಿಂದ ಮಾತು ಬಂದೈತೆ ಬೇಟಾ, ಖಾಜಾಬಿಗೆ. ಬಟ್ಟೆ ಅಂಗಡಿಯೋರು. ಹೆಂಡ್ತಿ ಇಲ್ಲ. ಸಫರ್ ಮುಗಿದು ಚಂದ್ರ ಕಂಡ ಮಾರನೇ ದಿನ ಅವರ ಮನೆ ಹೆಂಗಸರು ಕೇಳೋಕೆ ಬರ್ತಾರಂತೆ. ನನಗೂ ಎಪ್ಪತ್ತಾಯ್ತು, ಎಷ್ಟು ದಿನ ಇರ್ತೀನಿ?"

"ಒಳ್ಳೇದು ಚಾಚಾ" ಎಂದೆ. ಎಂದೆನೋ ಇಲ್ಲವೋ, ತುಟಿಯಂತೂ ಆಡಿತು.

೩-೮-೬೧, ಗುರುವಾರ

ತಾನು ಕೆಟ್ಟ ಕೋತಿ ವನವನ್ನೆಲ್ಲಾ ಕೆಡಿಸಿತಂತೆ.

ಮೊನ್ನೆ ಸಾಯಂಕಾಲ ಪೆಟ್ಟಿಗೆಗೆ ಕೈ ಹಾಕಿದವನು ನಾಲ್ಕು ಬೀಡಿಯ ಪ್ಲೇಟುಗಳನ್ನೇ ತೆಗೆದೆ. ಒಂದರ ಮೇಲೊಂದು ಅಳು. ಗೊತ್ತಿದ್ದೂ ಹಾಕಿದೆ. ಒಂದೂವರೆ ಗಂಟೆಯೂ ಹಾಕಿದೆ. ನನ್ನ ಎದೆ ಭಾರವೆಂದು ಹದಿನಾಲ್ಕು ಮನೆಯ ಕೈ ಹಿಡಿದು ನಿಲ್ಲಿಸಿದೆ. ಎಂಟು ಗಂಟೆಗೆ ಗಲ್ಲಿಯಲ್ಲಿ ಕಂಟ್ರಾಕ್ಟರ ಕಡೆಯವನ ಬೈಗುಳ ಪಾರ್ಕಿನವರೆಗೂ ಕೇಳಿಸಿತು. ಎಲ್ಲರಿಗೂ ಕಮ್ಮಿ.

ನಿನ್ನೆ ಹುಸೇನ್ ಸಾಬ್ ಬೆಂಚಿಗೆ ಬರಲಿಲ್ಲ. ಮಾತಿಲ್ಲದೆ ಸರಿಯಾದ ಪ್ರೋಗ್ರಾಂ ಹಾಕಿ ಬಂದೆ. ನನ್ನ ಮೇಲೆ ನನಗೇ ಅಸಹ್ಯ.

೫-೮-೬೧, ಶನಿವಾರ

ಬೆಳಗಿನ ಬಸ್ಸಿಗೆ ಗೌಡಗೆರೆ. ಅಕ್ಕ ಅಫ್ಜಲುನ್ನೀಸಾ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದಳು. ನನಗಿರುವ ಹಿರಿಯರೆಂದರೆ ಅವಳೊಬ್ಬಳೇ. ಎಲ್ಲ ಹೇಳಿದೆ, ತಲೆ ತಗ್ಗಿಸಿಕೊಂಡು.

"ಆಪಾ, ನೀನು ಇವತ್ತೇ ಬಂದು ಕೇಳು. ಪಾವಗಡದವರಿಗಿಂತ ಮೊದಲು."

"ಸಫರ್‌ನಲ್ಲಿ ಯಾರಾದ್ರೂ ಈ ಮಾತು ಎತ್ತುತ್ತಾರಾ? ಆ ಮುದುಕ ಬಾಗಿಲು ತೆಗೆಯಲ್ಲ. ಚಂದ್ರ ಕಾಣ್ಲಿ, ಬರ್ತೀನಿ."

"ಅವರೂ ಅವತ್ತೇ ಬರ್ತಾರೆ."

"ಬರ್ಲಿ ಬಿಡು. ಮೊದಲ ಮದುವೆ ಹುಡುಗಿಯಾದ್ರೆ ಸುಮ್ಮನಿದ್ರೇ ಒಪ್ಪಿಗೆ ಅಂತಾರೆ. ಒಂದು ಸಲ ಮದುವೆಯಾದೋಳು ಬಾಯಿಬಿಟ್ಟು ಹೇಳ್ಬೇಕು. ನಮ್ಮ ಧರ್ಮದಲ್ಲಿ ಹಂಗೇ ಐತೆ. ಅವಳನ್ನೇ ಕೇಳೋದು. ಅವಳ ಮನಸ್ಸಲ್ಲಿ ಏನೈತೆ ಗೊತ್ತಾ ನಿನಗೆ?"

"ಎರಡನೇ ಹಾಡು ಬೇಗ ಬಂತು ಅಂತ ಹೇಳಿದ್ಳು."

ಅಕ್ಕ ಕಡಲೆಕಾಯಿ ಬಿಟ್ಟು ನನ್ನ ಮುಖ ನೋಡಿದಳು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋಕೆ ಬಂದವ್ನೆ" ಎಂದಳು. ಆಮೇಲೆ ಊಟ ಹಾಕಿದಳು, ಬೇಡವೆಂದರೂ ಎರಡನೆಯ ಸಲ ಬಡಿಸಿದಳು. ಹೊರಡುವಾಗ, "ಹಾರನ್‌ನಲ್ಲಿ ಮಾತ್ರ ಅವಳನ್ನ ಏನಾದ್ರೂ ಕೇಳ್ಬಿಟ್ಟೀಯ, ಜೋಕೆ" ಎಂದು ಎಚ್ಚರಿಸಿದಳು.

೧೦-೮-೬೧, ಗುರುವಾರ

ಐದು ದಿನ ಬರೆದಿಲ್ಲ. ಬರೆಯಲು ಏನಿದೆ? ಪ್ಲೇಟು ಹಾಕಿದೆ, ತೆಗೆದೆ.

ನಿನ್ನೆ ಹುಸೇನ್ ಸಾಬ್ ಬಂದರು. ಕಾಲುನೋವಂತೆ, ಅದಕ್ಕೇ ಬಂದಿರಲಿಲ್ಲವಂತೆ. ಬೈಗುಳಕ್ಕೆ ಕಿವಿ ಕೊಟ್ಟು ನಿಂತೆ. ಬೈಗುಳ ಬರಲಿಲ್ಲ.

"ಖಾಜಾಬಿ ಒಂದು ಮಾತು ಕೇಳ್ಕೊಂಡು ಬಾ ಅಂದ್ಳು. ಅವತ್ತು ಮಂಗಳವಾರ ಬಾಷಾ ಸಾಬರಿಗೆ ಏನಾಗಿತ್ತು?"

"ಏನಿಲ್ಲ ಚಾಚಾ. ಮೈ ಸರಿ ಇರ್ಲಿಲ್ಲ."

"ಹಂಗೇ ಹೇಳ್ತೀನಿ." ಕೋಲೂರಿ ಎದ್ದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ಗಲ್ಲಿಯೋರೆಲ್ಲ ನಿನ್ನ ಬೈದ್ರು. ಇವಳು ಬೈಲಿಲ್ಲ. ಅವರಿಗೆ ಏನೋ ಆಗೈತೆ ಅಂತ ಅಷ್ಟೇ ಅಂದ್ಳು. ಅವತ್ತು ಅವಳಿಗೂ ಕಮ್ಮಿ ಬಿದ್ದಿತ್ತು."

ಹಾಡು ಹಾಕಿದ ರೀತಿ ನೋಡಿ ನನ್ನ ಮೈಯ ಸ್ಥಿತಿ ಹೇಳುವವರು ಇನ್ಯಾರಿದ್ದಾರೆ ಈ ಊರಲ್ಲಿ? ಮಾಲಿಯ ಕೊಟ್ಟಿಗೆಯ ಹಿಂದೆ ಹೋಗಿ ನಿಂತು ಸ್ವಲ್ಪ ಹೊತ್ತು ಅತ್ತೆ. ಗಂಗಹನುಮಯ್ಯ ನೋಡಿದ, ನೋಡದವನಂತೆ ಗಿಡಕ್ಕೆ ನೀರು ಹಾಕಿದ.

೧೩-೮-೬೧, ಭಾನುವಾರ, ಬೆಳಿಗ್ಗೆ

ರೇಡಿಯೋ ನಿನ್ನೆ ಮಧ್ಯಾಹ್ನದ ಬಸ್ಸಿಗೆ ಬಂತು, ಗೋಣಿಯಲ್ಲಿ ಸುತ್ತಿ. ಆರಕ್ಕೆ ಅದೇ ಶುರುವಾಯಿತು. ಹಾರನ್ ಬಿಚ್ಚಲು ಹೋದವನು ಬೆಂಚಿನ ಮೇಲೆ ಕೂತು ಕೇಳಿದೆ. ಒಳ್ಳೆಯ ಹಾಡುಗಳೇ. ಮೊದಲನೆಯದು ಎಂಟು ಬೀಡಿ, ಎರಡನೆಯದು ನಾಲ್ಕು, ಆಮೇಲೆ ಯಾರೋ ಗೊಬ್ಬರದ ಬಗ್ಗೆ ಮಾತಾಡಿದರು. ಅವರ ತಪ್ಪಲ್ಲ. ನಮ್ಮ ಗಲ್ಲಿಯ ಕೈ ಬೆಂಗಳೂರಿನವರಿಗೆ ಹೇಗೆ ಕಾಣಬೇಕು.

ಚಂದ್ರ ಕಾಣಲಿಲ್ಲ, ಮೋಡ. ಇವತ್ತು ಕಾಣದಿದ್ದರೂ ಲೆಕ್ಕಕ್ಕೆ ತಿಂಗಳು ಮುಗಿಯಿತು. ಅಕ್ಕನಿಗೆ ಹೇಳಿ ಕಳಿಸಿದ್ದೇನೆ, ಸಾಯಂಕಾಲದ ಬಸ್ಸಿಗೆ ಬರುತ್ತಾಳೆ.

೧೪-೮-೬೧, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ

ಅಕ್ಕ ಹೋದಳು. ಹೊಸ ಸೀರೆ, ಒಂದು ಪೊಟ್ಟಣ ಸಕ್ಕರೆ, ಎಲೆ ಅಡಿಕೆ. ನಾನು ಬರಬಾರದಂತೆ, ಬಾಗಿಲಲ್ಲೂ ನಿಲ್ಲಬಾರದಂತೆ.

ಹತ್ತು ಗಂಟೆ

ಪಾವಗಡದ ಬಸ್ಸು ಬಂತು. ಬುರ್ಖಾ ಹಾಕಿದ ಮೂವರು ಇಳಿದರು. ಅವರ ಪೊಟ್ಟಣ ದೊಡ್ಡದು. ಕಿಟಕಿಯಿಂದ ನೋಡಿದೆ.

ಹತ್ತೂಮುಕ್ಕಾಲು

ನಾಳೆ ಧ್ವಜವಂದನೆಗೆ ಹಾರನ್ ಕಟ್ಟಬೇಕು, ತಂತಿ ಸುತ್ತಿಡುತ್ತಿದ್ದೇನೆ. ಸುತ್ತಿದ್ದನ್ನೇ ಬಿಚ್ಚಿ ಸುತ್ತುತ್ತಿದ್ದೇನೆ.

ಹನ್ನೊಂದೂ ಕಾಲು

ಏನೂ ಇಲ್ಲ. ಬಟ್ಟೆ ಅಂಗಡಿ, ಸ್ವಂತ ಮನೆ... ಅವಳು ಸುಖವಾಗಿರಲಿ. ಇದನ್ನು ಬರೆದೆ. ನಿಜವಾಗಿ ಅಂದುಕೊಂಡೆನೋ ಗೊತ್ತಿಲ್ಲ.

ಮಧ್ಯಾಹ್ನ ಒಂದು ಗಂಟೆ

ಅಕ್ಕ ಬಂದಳು. ಬಂದವಳು ನೀರು ಕೇಳಿದಳು. ಕುಡಿದಳು. ಚಹಾ ಕೇಳಿದಳು. ಚಪ್ಪಲಿ ಕಚ್ಚುತ್ತಿದೆ ಎಂದಳು. ಜೀವ ಹಿಂಡಿದ ಮೇಲೆ ಹೇಳಿದಳು. ನಾನು ಎರಡು ಸಲ ಕೇಳಿ ಹೇಳಿಸಿಕೊಂಡು, ಈಗ ಕೂತು ಬರೆಯುತ್ತಿದ್ದೇನೆ.

ಪಾವಗಡದವರು ಮೊದಲು ಮಾತಾಡಿದರಂತೆ. ಮನೆ ಹೇಳಿದರು, ಅಂಗಡಿ ಹೇಳಿದರು, ಮನೆಯಲ್ಲೇ ದೊಡ್ಡ ರೇಡಿಯೋ ಇದೆ, ಬೀಡಿ ಕಟ್ಟಬೇಕಾಗಿಲ್ಲ ಎಂದರು. ಅಕ್ಕನಿಗೆ ಹೇಳಲು ಹೆಚ್ಚೇನೂ ಇರಲಿಲ್ಲ. ನನ್ನ ತಮ್ಮನ ಹತ್ತಿರ ನಲವತ್ತಾರು ಪ್ಲೇಟು ಇವೆ ಎಂದಳಂತೆ, ಒಂದರ ಅಂಚು ಮುರಿದಿದೆ ಎಂದೂ ಸೇರಿಸಿದಳಂತೆ. ಅದನ್ನು ಯಾಕೆ ಹೇಳಬೇಕಿತ್ತೋ.

ಹುಸೇನ್ ಸಾಬ್ ಮಗಳನ್ನು ಕೇಳಿದರು. ಖಾಜಾಬಿ ಮೊರ ಕೆಳಗಿಟ್ಟಳಂತೆ. ತಂದೆಯನ್ನು ಅವಳು ಬಾವಾ ಎನ್ನುತ್ತಾಳೆ. ಹೇಳಿದ್ದನ್ನು ಒಂದಕ್ಷರ ಬಿಡದೆ ಇಡುತ್ತೇನೆ:

"ಅವರ ರೇಡಿಯೋ ದೊಡ್ಡದಿರಬೋದು ಬಾವಾ. ನಾವು ಗೋಡೆಯಿಂದೀಚೆ ಕೂತಿದ್ವಿ, ಈ ಮನುಷ್ಯ ನಮ್ಮ ಮುಖ ನೋಡಿಲ್ಲ. ಆದ್ರೂ ನಮ್ಮ ಕೈ ಎಲ್ಲಿ ನೋಯ್ತೈತೆ ಅಂತ ತಿಳ್ಕೊಂಡು ಹಾಡು ಹಾಕ್ದ. ನನಗೆ ಈ ಮನುಷ್ಯನೇ ಒಪ್ಪಿಗೆ."

ಪಾವಗಡದ ಹಿರಿಯ ಹೆಂಗಸು, ಸರಿಯಾಗಿ ಯೋಚಿಸಿ ಹೇಳು ಎಂದಳಂತೆ. ಖಾಜಾಬಿ ಮತ್ತೆ ಅದೇ ಹೇಳಿದಳು. ಮೂರನೆಯ ಸಲ ಹುಸೇನ್ ಸಾಬ್ ಕೇಳಿದಾಗ ಗೋಡೆಯಾಚೆಯ ಮನೆಯ ಹೆಂಗಸರು ಅಲ್ಲಿಂದಲೇ, "ಅವಳು ಹೇಳಿದ್ಳಲ್ಲ ಚಾಚಾ, ಇನ್ನೆಷ್ಟು ಸಲ ಹೇಳ್ಬೇಕು" ಎಂದರಂತೆ. ಪಾವಗಡದವರೂ ನಕ್ಕುಬಿಟ್ಟರಂತೆ. ಚಹಾ ಕುಡಿದು, ದುವಾ ಹೇಳಿ ಹರಸಿ ಎದ್ದರಂತೆ. ಒಳ್ಳೆಯ ಜನ.

ಅಕ್ಷರ ಕೆಟ್ಟಿದೆ. ಸಂತೋಷವಾಗಿದೆ. ಇಷ್ಟೊಂದು ಸಂತೋಷವನ್ನು ಎಲ್ಲಿಡಬೇಕೋ ತಿಳಿಯುತ್ತಿಲ್ಲ. ಅಕ್ಕ ಒಲೆಯ ಮುಂದೆ ಕೂತು ಅಳುತ್ತಿದ್ದಾಳೆ, ಈರುಳ್ಳಿ ಎನ್ನುತ್ತಾಳೆ. ಈರುಳ್ಳಿ ಇನ್ನೂ ಬುಟ್ಟಿಯಲ್ಲೇ ಇದೆ.

ಬೀದಿಯಲ್ಲಿ ಕೋಲಿನ ಸದ್ದು. ಹುಸೇನ್ ಸಾಬ್. ಬಾಗಿಲಿಗೆ ಬಂದರು, ಕೆಮ್ಮಿದರು. ಎದ್ದು ಹೋಗಿ ಕರೆಯಬೇಕು. ಆದರೆ ಈಗ ಅವರನ್ನು ಏನೆಂದು ಕರೆಯಲಿ... ಚಾಚಾ ಎಂದರೆ ತಪ್ಪಾದೀತು, ಬಾವಾ ಎನ್ನಲು ಬಾಯಿ ಬರುತ್ತಿಲ್ಲ, ಅವರೇ ಕರೆಯುತ್ತಿದ್ದಾರೆ, ಬಂದೆ —